ಲಿಂಗ ಹಿಡಿಯುವ ಕೈಗೆ ಹಾಕಿದ ಸೂಜಿ

ನನ್ನ ಎಡಗೈ ಬಾತದ್ದು ಸೂಜಿ ಹಾಕಿದ ಹುಡುಗಿಯಿಂದಲ್ಲ. ನಮ್ಮ ಮನಿಯವರು ಸಲಾಯಿನ್ ನಳಿಕೆಯ ಮೇಲಿನ, ಹನಿ ಹೆಚ್ಚುಕಡಿಮೆ ಮಾಡುವ ಚಕ್ರ ತಿರುವಿದರು, ನಾನು ಕಣ್ಣಾರೆ ನೋಡಿ ಬಾಯಿ ಮುಚ್ಚಿಕೊಂಡು ಬಿದ್ದಿದ್ದೆ. ಆದದ್ದು ಇಷ್ಟೇ. ನಮ್ಮೂರು ಕುಲಗೋಡದಾಗ ಇವತ್ತಿಗೂ ಕೇಳಿದರೆ ಬೇರೆ ಕಥೆ ಹೇಳುತ್ತಾರೆ. ಗೋಕಾಕದ ದವಾಖಾನಿಯಾಗ ಒಬ್ಬ ನರ್ಸ್ ಹುಡುಗಿ ಅಜ್ಜಿಯ ಕೈ ಕೆಡಿಸಿದಳಂತೆ, ಅಂತ. ಆ ಕಥೆ ಸುಳ್ಳು. ಸುಳ್ಳು ಅಂತ ಗೊತ್ತಿದ್ದವಳು ನಾನು, ಮತ್ತು ಆ ಹುಡುಗಿಯ ಕೆಲಸ ಹೋಗುವ ಹೊತ್ತು ಬಂದಾಗ ಒಂದು ಇಡೀ ಸಂಜೆ ಸುಮ್ಮನಿದ್ದವಳೂ ನಾನೇ.

ಹೋದ ಸುಗ್ಗಿಯ ಮಾತು. ಎಮ್ಮೆಗೆ ಮೇವಿಗಂತ ಕಟಾವಾದ ಹೊಲದಾಗ ಕಬ್ಬಿನ ಸೋಗೆ ಆರಿಸಲು ಹೋಗಿದ್ದೆ. ಕಬ್ಬಿನ ಬುಡ ಅಂಗಾಲಿಗೆ ಚುಚ್ಚಿತು. ನನಗೆ ಸಕ್ಕರೆ ರೋಗ ಇದೆ. ಅರಿಷಿಣ ಮೆತ್ತಿ ಓಡಾಡಿದೆ. ಕಾಲು ಮೊಣಕಾಲಿನ ತನಕ ಕೆಂಪಗೆ ಏರಿ, ಜ್ವರ ಬಂದು, ಹಾಸಿಗೆ ಹಿಡಿದಾಗ ಕೊಣ್ಣೂರದಲ್ಲಿರುವ ನನ್ನ ಮೈದುನನ ಮಗ ಗಾಡಿ ತಂದ. ನನ್ನನ್ನು ಕೂಸಿನಂತೆ ಎತ್ತಿ ಒಳಗೆ ಕೂರಿಸಿದ. ಅದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದೆ ಅವನ ಬಗ್ಗೆ ಒಳ್ಳೆಯದು ಹೇಳುವ ಪ್ರಸಂಗ ಕಡಿಮೆ.

ದವಾಖಾನಿ ಸಣ್ಣದು. ಒಂದೇ ದೊಡ್ಡ ಖೋಲಿಯಲ್ಲಿ ಹೆಂಗಸರ ಮಂಚಗಳು. ನನ್ನ ಮಂಚ ಕಿಟಕಿಯ ಬಾಜೂ. ಡಾಕ್ಟರು ಬಂದು, ಕಾಲು ನೋಡಿ, ಗುಳಿಗೆಯಿಂದ ಆಗುವುದಿಲ್ಲ, ನರದಾಗ ಔಷಧಿ ಹೋಗಬೇಕು ಅಂದರು. ಆಮೇಲೆ ಬಂದವಳು ಆ ಹುಡುಗಿ. ಮೂಡಲಗಿ ಕಡೆಯವಳು. ಇದೇ ಮೊದಲ ಕೆಲಸ, ಸೇರಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಖಾಯಂ ಮಾಡುವುದೋ ಬಿಡುವುದೋ ಡಾಕ್ಟರ ಕೈಯಲ್ಲಿತ್ತು. ಇದನ್ನೆಲ್ಲ ನಾನೇ ಕೇಳಿ ತಿಳಿದುಕೊಂಡೆ. ಮಂಚದ ಮೇಲೆ ಬಿದ್ದವರಿಗೆ ಬೇರೆ ಕೆಲಸ ಏನಿರುತ್ತದೆ.

"ಅಜ್ಜಿ, ಊಟ ಯಾವ ಕೈಲೆ ಮಾಡ್ತೀರಿ?" ಅಂದಳು.

"ಮಂದಿ ಯಾವ ಕೈಲೆ ಮಾಡ್ತಾರ ಅದ ಕೈಲೆ."

"ಹಂಗಾರ ಎಡಗೈಗೆ ಸೂಜಿ ಹಾಕತೇನ್ರಿ."

"ಎಡಗೈ ಬ್ಯಾಡ. ಅದು ಲಿಂಗ ಹಿಡಿಯೂ ಕೈ."

ನಾನು ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಇದೆ. ದಿನಾ ಬೆಳಗ್ಗೆ ಅದನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು ಪೂಜೆ ಮಾಡದೆ ಬಾಯಿಗೆ ಚಹಾ ಸಹ ಹಾಕಿದವಳಲ್ಲ. ಜ್ವರದಲ್ಲೂ ಬಿಟ್ಟಿಲ್ಲ, ಹಡೆದು ಮಲಗಿದ್ದಾಗಲೂ ಬಿಟ್ಟಿಲ್ಲ. ಹುಡುಗಿ ವಾದ ಮಾಡಲಿಲ್ಲ. ಬಲಗೈಯಲ್ಲೇ ನೋಡಿದಳು. ನನ್ನ ನರಗಳು ಒಣಗಿದ ಬಳ್ಳಿಯ ಹಾಗೆ, ಕಾಣುತ್ತವೆ, ಮುಟ್ಟಿದರೆ ಜಾರುತ್ತವೆ. ಎರಡು ಸಲ ಚುಚ್ಚಿದಳು, ಸಿಗಲಿಲ್ಲ. ಸೂಜಿಯನ್ನು ಬಾಜೂದಲ್ಲಿದ್ದ ಬಿಳಿ ಡಬ್ಬಿಗೆ ಹಾಕಿ ಎದ್ದು ನಿಂತಳು.

"ಯಾಕ, ಬರೂದಿಲ್ಲೇನು ನಿನಗ?" ಅಂದೆ.

"ಬರತೈತ್ರಿ. ಆದ್ರ ಒಬ್ಬರ ಕೈಲೆ ಎರಡು ಸಲ ಸಿಗಲಿಲ್ಲಂದ್ರ ಇನ್ನೊಬ್ಬರನ್ನ ಕರೀಬೇಕು. ನಾವ ಹಂಗ ಮಾಡಕೊಂಡೀವಿ."

ಇದು ಕೈಲಾಗದವರ ಮಾತು ಅಂತ ನನಗೆ ಅನಿಸಿತು. ನಮ್ಮ ಮನೆಯಲ್ಲಿ ರೊಟ್ಟಿ ಹರಿದರೆ ಹರಿದವಳೇ ಮತ್ತೆ ತಟ್ಟಬೇಕು, ಇನ್ನೊಬ್ಬಳನ್ನು ಕರೆದರೆ ಅದು ಅವಮಾನ. ಇವಳು ನಗುತ್ತ ಹೋಗಿ ದೊಡ್ಡ ಸಿಸ್ಟರನ್ನು ಕರೆದುಕೊಂಡು ಬಂದಳು.

ದೊಡ್ಡ ಸಿಸ್ಟರ್ ಹುಕ್ಕೇರಿಯವಳು. ನನ್ನ ಮಗಳ ವಯಸ್ಸು, ದಪ್ಪ ಮೈ, ಮಾತು ಗಟ್ಟಿ. ಬಂದವಳೇ ತಾನು ಸೂಜಿ ಹಿಡಿಯಲಿಲ್ಲ. ನನ್ನ ಎರಡೂ ಕೈ ಬೆಳಕಿಗೆ ಹಿಡಿದು, ಬೆರಳಿನಿಂದ ಒತ್ತಿ ನೋಡಿ, ಎಡಗೈಯ ಮಣಿಕಟ್ಟಿನ ಮೇಲೆ ಒಂದು ಕಡೆ ತಟ್ಟಿದಳು.

"ಅಜ್ಜಿ, ಒಳ್ಳೆ ನರ ಇದೊಂದ ಐತಿ. ಲಿಂಗ ಅಂಗೈಯಾಗ ಹಿಡೀತೀರಿ, ಸೂಜಿ ಮ್ಯಾಲ ಇರತೈತಿ. ಮುಂಜಾನೆ ಪೂಜಾದ ಹೊತ್ತಿಗೆ ನಳಿಕಿ ಬಿಚ್ಚಿ ನಿಮ್ಮ ಕೈ ಬಿಡಿಸಿ ಕೊಡತೇವಿ. ಸೂಜಿ ಅಷ್ಟ ಪಟ್ಟಿ ಒಳಗ ಇರತೈತಿ. ನಡೀತೈತೇನ್ರಿ?"

"ಮುಂಜಾನೆ ಯಾರ ಡ್ಯೂಟಿ ಇರತೈತೋ ಏನೋ. ಅವರಿಗೆ ನಾ ಮತ್ತ ಹೇಳಕೋತ ಕುಂಡ್ರಬೇಕು."

"ನೀವು ಹೇಳೂದು ಬ್ಯಾಡ. ನಾವು ಹೇಳತೇವಿ."

ನಾನು ನಂಬಲಿಲ್ಲ. ಹುಡುಗಿಯ ಕೈಯಿಂದಲೇ ಸೂಜಿ ಹಾಕಿಸಿದಳು, ತಾನು ನನ್ನ ಕೈ ಹಿಡಿದಳು. ಒಂದೇ ಸಲಕ್ಕೆ ಹೋಯಿತು. ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿದರು, ಒಳಗಿನ ಚರ್ಮ ಕಾಣಬೇಕಂತೆ. ನನ್ನ ಹಸಿರು ಬಳೆಗಳನ್ನು ಮೇಲೆ ಸರಿಸಿ ಬಟ್ಟೆ ಕಟ್ಟಿದರು. ಆಮೇಲೆ ದೊಡ್ಡ ಸಿಸ್ಟರ್ ನನಗೂ ನಮ್ಮ ಮನಿಯವರಿಗೂ ಕೂಡಿಯೇ ಹೇಳಿದಳು.

"ಹಿಂದ ಒಬ್ಬರ ಕೈಯಾಗ ಸೂಜಿ ಹಾಕಿದ ಜಾಗದಾಗ ಕೀವಾಗಿ ನಾವೆಲ್ಲಾ ಭಾಳ ಒದ್ದಾಡೀವ್ರಿ. ಆಮ್ಯಾಲ ಎಲ್ಲಾರೂ ಕುಂತು ಮಾತಾಡಿ ಒಂದು ರೀತಿ ಹಾಕ್ಕೊಂಡೀವಿ. ಡ್ಯೂಟಿ ಬದಲಾದಾಗ ಹೋಗಾಕಿ ಬರಾಕಿ ಇಬ್ಬರೂ ಕೂಡಿ ಕೈ ನೋಡತೇವಿ. ನೀವೂ ಇದರಾಗ ಒಬ್ಬರು, ಅಜ್ಜಿ. ಉರಿ ಆದ್ರ ಮೊದಲ ಗೊತ್ತಾಗೂದು ನಿಮಗ, ನಮಗಲ್ಲ. ಉರಿದ್ರ ಕರೀರಿ, ಬಾತರ ಕರೀರಿ. ಕಾಕಾ, ನೀವು ಆ ಚಕ್ರ ಒಂದ ಮುಟ್ಟಬ್ಯಾಡ್ರಿ."

"ನಾ ಯಾಕ ಮುಟ್ಟಲಿ," ಅಂದರು ನಮ್ಮ ಮನಿಯವರು.

ಮರುದಿನ ಬೆಳಗ್ಗೆ ನಾನು ಕಣ್ಣು ಬಿಡುವ ಹೊತ್ತಿಗೆ ಗಂಡುಮಗ ಒಬ್ಬ ಮಂಚದ ಬಾಜೂ ನಿಂತಿದ್ದ. ಅವನೂ ನರ್ಸ್, ಎಲ್ಲರೂ ಬ್ರದರ್ ಅನ್ನುತ್ತಿದ್ದರು. ನಾನು ಅವನ ಮೋರೆ ಅಲ್ಲಿಯ ತನಕ ನೋಡಿರಲಿಲ್ಲ.

"ಪೂಜಾಕ್ಕ ನಳಿಕಿ ಬಿಚ್ಚತೇನ್ರಿ ಅಜ್ಜಿ. ಮುಗದ ಮ್ಯಾಲ ಒಂದು ಕೂಗು ಹೊಡೀರಿ," ಅಂದ.

ಅದರ ಮರುದಿನವೂ ಹಾಗೆಯೇ, ಬೇರೊಬ್ಬಳು ಬಂದಳು, ಅವಳಿಗೂ ಗೊತ್ತಿತ್ತು. ಒಬ್ಬರ ಬಾಯಿಂದ ಒಬ್ಬರಿಗೆ ನನ್ನ ಪೂಜೆಯ ಮಾತು ಕೈದಾಟಿ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟೇನಿ ಅಂತ ಒಬ್ಬಳಿಗೆ ಹೇಳಿ ಹೊರಗೆ ಹೋದರೆ ಹಾಲು ಉಕ್ಕಿರುತ್ತದೆ, ಮತ್ತು ಯಾರಿಗೆ ಹೇಳಿದ್ದೆ ಅನ್ನುವ ಜಗಳ ಸಂಜೆಯ ತನಕ ನಡೆಯುತ್ತದೆ. ಇವರೂ ಬೇರೆ ಬೇರೆ ಊರಿನವರು, ಬೇರೆ ಬೇರೆ ಮನೆಯವರು. ಡ್ಯೂಟಿ ಬದಲಾಗುವಾಗ ಇಬ್ಬರು ಬಂದು, ಒಬ್ಬಳು ನನ್ನ ಕೈ ಹಿಡಿದು, ಇನ್ನೊಬ್ಬಳು ಸೂಜಿಯ ಸುತ್ತ ಒತ್ತಿ, "ಉರೀತೈತೇನ್ರಿ?" ಅಂತ ಕೇಳಿ, ಬಲಗೈ ಪಕ್ಕದಲ್ಲಿ ಇಟ್ಟು ಬಾವು ಇದೆಯೋ ಅಂತ ಹೋಲಿಸಿ ನೋಡುವರು. ಬಾಜೂ ಮಂಚದ ಹೆಂಗಸು, "ನಿನ್ನ ಕೈ ನೋಡಾಕ ಬೀಗರು ಬಂದಂಗ ಬರತಾರಲ್ಲ," ಅಂತ ಚಾಷ್ಟಿ ಮಾಡುತ್ತಿದ್ದಳು.

ಕಾಲಿನ ಕೆಂಪು ಇಳಿಯಲು ಹತ್ತಿತು. ಹಾಗೆ ಇಳಿಯುತ್ತಿದ್ದಾಗ ಒಂದು ಮಧ್ಯಾಹ್ನ ಊರಿನ ಮಂದಿ ನೋಡಲು ಬಂದರು.

ನಮ್ಮ ಕಡೆ ದವಾಖಾನಿಯಲ್ಲಿದ್ದವರನ್ನು ನೋಡಲು ಹೋಗದಿದ್ದರೆ ಅದು ದೊಡ್ಡ ಮಾತಾಗುತ್ತದೆ. ಎಳನೀರು ತಂದರು, ಬಾಳೆಹಣ್ಣು ತಂದರು, ಸಕ್ಕರೆ ರೋಗದವಳಿಗೆ ಕರದಂಟಿನ ಡಬ್ಬಿಯೊಂದನ್ನೂ ತಂದರು. ಮಂಚದ ಮೇಲೆ ಜಾಗ ಸಿಕ್ಕಲ್ಲಿ ಕೂತರು. ಯಾರ ಕಬ್ಬು ಹೋಯಿತು, ಯಾರದು ನಿಂತಿದೆ ಅನ್ನುವ ಮಾತು ನಡೆಯಿತು. ಬ್ರದರ್ ಬಂದು ಹೊಸ ಬಾಟ್ಲಿ ಹಚ್ಚಿ, ಹನಿ ನೋಡಿ ಚಕ್ರ ಸರಿ ಮಾಡಿ ಹೋದ. ಇದರಾಗ ಔಷಧಿ ಐತಿ, ಸಾವಕಾಶ ಹೋಗಬೇಕು ಅಂತ ಹೇಳಿಯೇ ಹೋದ.

ನಮ್ಮ ಮನಿಯವರು ಕಾಲುವೆಯ ನೀರು ತಿರುವುವುದರಲ್ಲೇ ಜೀವ ಸವೆಸಿದವರು. ನಮ್ಮ ಪಾಳಿ ಬಂದಾಗ ಗುದ್ದಲಿ ಹಿಡಿದು ಬದುವಿನ ಮೇಲೆ ನಿಂತರೆ ನೀರಿನ ಜೊತೆಗೇ ಮಾತಾಡುವರು. ಈಗ ಹೊಲದಲ್ಲಿ ಹನಿ ನೀರಾವರಿಯ ಪೈಪು ಹಾಕಿದ್ದಾರೆ, ಅದರ ಚಾವಿ ತಿರುವುವುದೂ ಅವರದೇ ಕೆಲಸ. ಹನಿ ನಿಧಾನ ಬಿದ್ದರೆ ಅವರಿಗೆ ತಡೆಯುವುದಿಲ್ಲ.

"ಇದೇನಿದು, ಹಿಂಗ ಬಿಟ್ರ ಬೆಳಿ ಒಣಗಿ ಹೋಗತೈತಿ," ಅಂದರು, ಬಾಟ್ಲಿಯ ಕಡೆ ನೋಡುತ್ತ.

"ದೊಡ್ಡ ಗೌಡತಿಗೆ ಪಾಳಿ ನೀರು ಸಾಲೂದಿಲ್ಲ, ಒಡ್ಡು ಒಡೀರಿ," ಅಂತ ಬಂದವರಲ್ಲೊಬ್ಬ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರು ಎದ್ದು ಚಕ್ರ ತಿರುವಿದರು. ಹನಿ ಹೋಗಿ ದಾರವಾಯಿತು.

ಅವರು ಯಾಕೆ ತಿರುವಿದರು ಅಂತಲೂ ನನಗೆ ಗೊತ್ತಿತ್ತು. ಕುಲಗೋಡದ ಕೊನೆಯ ಬಸ್ಸಿಗೆ ಅವರು ಹೋಗಬೇಕಿತ್ತು. ನಮ್ಮ ಎಮ್ಮೆ ಅವರು ಕೂತರೇ ಹಾಲು ಬಿಡುತ್ತದೆ, ಬೇರೆಯವರನ್ನು ಒದೆಯುತ್ತದೆ. ಬಾಟ್ಲಿ ಅರ್ಧ ಇರುವಾಗ ಎದ್ದು ಹೋದರೆ, ಅದು ಖಾಲಿಯಾದದ್ದು ಯಾರೂ ನೋಡದೆ ನಳಿಕೆಯಲ್ಲಿ ಗಾಳಿ ತುಂಬಿ ನನ್ನ ಎದೆಗೆ ಹೋಗುತ್ತದೆ ಅಂತ ಅವರಿಗೆ ಹೆದರಿಕೆ. ಯಾರೋ ಚಹಾದ ಅಂಗಡಿಯಲ್ಲಿ ಹೇಳಿದ್ದರಂತೆ. ಅದಕ್ಕೆ ತಮ್ಮ ಕಣ್ಣ ಮುಂದೆಯೇ ಮುಗಿಸಿ ಹೋಗಬೇಕು ಅಂತ. ನನ್ನ ಸಲುವಾಗಿ ಮಾಡಿದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಸಲುವಾಗಿ ಅವರು ಕೂತಲ್ಲಿಂದ ಎದ್ದದ್ದು ಕಡಿಮೆ. ಹತ್ತು ಮಂದಿಯ ಮುಂದೆ ಎದ್ದದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಕೈ ಉರಿಯಲು ಹತ್ತಿತು. ಮೊದಲು ಮೆಣಸಿನಕಾಯಿ ಮುಟ್ಟಿದ ಹಾಗೆ, ಆಮೇಲೆ ಒಳಗಿನಿಂದ ಯಾರೋ ಹಿಂಡಿದ ಹಾಗೆ. ಕರೀರಿ ಅಂತ ಹೇಳಿದ್ದರು. ಆ ಹುಡುಗಿ ಎರಡು ಮಂಚದ ಆಚೆಗೇ ಇದ್ದಳು, ಬಾಯಿ ತೆಗೆದರೆ ಕೇಳುತ್ತಿತ್ತು. ಕರೆದರೆ ಅವಳು ಬಂದು, ಚಕ್ರ ಯಾರು ತಿರುವಿದ್ರಿ ಅಂತ ಊರಿನವರ ಮುಂದೆ ಅವರನ್ನು ಬೈಯುತ್ತಾಳೆ ಅನಿಸಿತು. ಹಲ್ಲು ಕಚ್ಚಿ, ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡೆ. ಯಾರಿಗೂ ಕಾಣದ ಹಾಗೆ. ಇದನ್ನು ಬರೆಯುವಾಗಲೂ ನನಗೆ ಆ ಸೆರಗಿನದೇ ಹೆಚ್ಚು ನಾಚಿಕೆ. ಸುಮ್ಮನಿದ್ದದ್ದು ಒಂದು, ಮುಚ್ಚಿದ್ದು ಇನ್ನೊಂದು.

ಬಾಟ್ಲಿ ಖಾಲಿಯಾಯಿತು. ನಮ್ಮ ಮನಿಯವರು ಗೆದ್ದವರ ಹಾಗೆ "ಸಿಸ್ಟರ್, ಇಲ್ಲಿ ಮುಗೀತ್ರಿ," ಅಂತ ಕರೆದರು. ಹುಡುಗಿ ಬಂದಳು. ಬಾಟ್ಲಿ ನೋಡಿದಳು, ಗೋಡೆಯ ಗಡಿಯಾರ ನೋಡಿದಳು, ನನ್ನ ಸೆರಗು ಸರಿಸಿದಳು. ಮೊಣಕೈಯಿಂದ ಕೆಳಗೆ ಕೈ ಹಲಗೆಯಂತೆ ಬಿಗಿದು, ಚರ್ಮ ಮಿಂಚುತ್ತಿತ್ತು. ಬಳೆಗಳು ಮಾಂಸದೊಳಗೆ ಕಚ್ಚಿದ್ದವು.

ಅವಳು ಕೂಗಲಿಲ್ಲ. ಅಲ್ಲಿಯೇ ನಿಂತು ನಳಿಕೆ ಬಂದ್ ಮಾಡಿ, "ಅಕ್ಕಾ, ಬರ್ರಿ ಇಲ್ಲಿ," ಅಂತ ದೊಡ್ಡ ಸಿಸ್ಟರನ್ನು ಕರೆದಳು. ಬ್ರದರೂ ಬಂದ. ಮೂವರೂ ನನ್ನ ಮಂಚದ ಸುತ್ತ. ಹುಡುಗಿ ಸೂಜಿ ತೆಗೆದಳು, ಬ್ರದರ್ ಡಾಕ್ಟರನ್ನು ಕರೆಯಲು ಓಡಿದ. ಬಳೆ ಒಡೆಯದೆ ಬೇರೆ ದಾರಿ ಇಲ್ಲ ಅಂತ ಬಾಜೂ ಮಂಚದವಳು ಅಂದಳು. ದೊಡ್ಡ ಸಿಸ್ಟರ್ ನನ್ನ ಮೋರೆ ನೋಡಿ, ನಮ್ಮ ಮನಿಯವರ ಮೋರೆ ನೋಡಿ, ಕೊಬ್ಬರಿ ಎಣ್ಣೆ ತರಿಸಿದಳು. ಹುಡುಗಿ ಒಂದೊಂದೇ ಬಳೆ ಜಾರಿಸಿ, ಒರೆಸಿ, ನನ್ನ ಬಲಗೈಗೆ ಹಾಕಿದಳು. ಒಂದೂ ಒಡೆಯಲಿಲ್ಲ.

ದೊಡ್ಡ ಸಿಸ್ಟರ್ ಎಲ್ಲರ ಕಡೆ ತಿರುಗಿ ಕೇಳಿದಳು. "ಚಕ್ರ ಯಾರರೆ ಮುಟ್ಟೀರೇನ್ರಿ? ಬೈಯಾಕ ಕೇಳಾಕತ್ತಿಲ್ಲ. ಔಷಧಿ ಹೆಂಗ ಹೋಗೇತಿ ಅಂತ ಡಾಕ್ಟರಿಗೆ ಹೇಳಬೇಕು."

ಊರಿನವರು ಬಾಳೆಹಣ್ಣಿನ ಸಿಪ್ಪೆ ನೋಡಿದರು. ನಮ್ಮ ಮನಿಯವರು ಮೇಲೆ ತಿರುಗುವ ಫ್ಯಾನ್ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ, ನೋವಿನವರು ಮುಚ್ಚಿಕೊಳ್ಳುವ ಹಾಗೆ.

ಅಷ್ಟರಲ್ಲಿ ಮೈದುನನ ಮಗ ಬಂದ. ಯಾರೋ ಫೋನ್ ಮಾಡಿದ್ದರು. ನನ್ನ ಕೈ ನೋಡಿದವನೇ ಕೆಂಡವಾದ. ಮೊಬೈಲು ಹಿಡಿದು ವಿಡಿಯೋ ಮಾಡುತ್ತ ಹುಡುಗಿಯ ಎದುರು ನಿಂತ.

"ಏ ತಂಗಿ, ಎಲ್ಲಿ ಕಲ್ತು ಬಂದಿ ನೀ? ದನಕ್ಕ ಚುಚ್ಚೂದು ಕಲ್ತು ಬಂದಿಯೇನು? ನಮ್ಮ ದೊಡ್ಡವ್ವನ ಕೈ ಹೋದ್ರ ನಿಮ್ಮಪ್ಪ ತಂದ ಕೊಡತಾನೇನು?"

ದೊಡ್ಡ ಸಿಸ್ಟರ್ ನಡುವೆ ಬಂದಳು.

"ಆಕಿ ಒಬ್ಬಾಕಿ ಮೋರಿ ಮೊಬೈಲಿನಾಗ ಹಿಡೀಬ್ಯಾಡ್ರಿ ಅಣ್ಣಾರ. ಸೂಜಿ ಹಾಕೂವಾಗ ಕೈ ಹಿಡಿದಾಕಿ ನಾ. ನನ್ನ ಮೋರಿನೂ ಹಿಡೀರಿ."

"ಬಾಟ್ಲಿ ಹಚ್ಚಿದವ ನಾ," ಅಂದ ಬ್ರದರ್. ಅವನು ಹೊರಗಿನಿಂದ ಡಾಕ್ಟರ ಹಿಂದೆ ಬಂದವನು, ಯಾರೂ ಅವನನ್ನು ಕೇಳಿರಲಿಲ್ಲ. ಸುಮ್ಮನೆ ಬಂದು ಆ ಇಬ್ಬರ ಬಾಜೂ ನಿಂತ.

ಮೂವರು ಒಂದು ಕಡೆ. ಈ ಕಡೆ ನಾವು ಒಂದು ಹಿಂಡು, ಒಂದೇ ಊರಿನವರು, ಒಂದೇ ಬಳಗದವರು, ವಿಭೂತಿ ಹಚ್ಚಿದವರು. ನಮ್ಮಲ್ಲಿ ಒಬ್ಬರ ಬಾಯಿಂದಲೂ "ನಾ" ಅನ್ನುವ ಒಂದಕ್ಷರ ಹೊರಡಲಿಲ್ಲ.

ಡಾಕ್ಟರು ಕೈ ನೋಡಿದರು. ಬೆರಳು ಆಡಿಸಲು ಹೇಳಿದರು. ಔಷಧಿ ನರದ ಹೊರಗೆ ಸೋರಿ ಬಾತಿದೆ, ಕೈ ಉಳಿಯುತ್ತದೆ, ಎತ್ತರಕ್ಕೆ ಇಡಬೇಕು, ಚರ್ಮ ಗುಳ್ಳೆ ಏಳುತ್ತದೆಯೋ ನೋಡುತ್ತಿರಬೇಕು ಅಂದರು. ಮೈದುನನ ಮಗ ಬಿಡಲಿಲ್ಲ. ಆ ಹುಡುಗಿಯನ್ನು ತೆಗೆಯದಿದ್ದರೆ ವಿಡಿಯೋ ನಾಲ್ಕೂ ಕಡೆ ಹಾಕುತ್ತೇನೆ, ಊರಿನವರನ್ನು ಕರೆತಂದು ಬಾಗಿಲಲ್ಲಿ ಕೂರಿಸುತ್ತೇನೆ ಅಂದ. ಡಾಕ್ಟರಿಗೆ ಸಾಕಾಯಿತು. "ನಾಳೆ ಮುಂಜಾನೆ ನನ್ನ ರೂಮಿಗೆ ಬರ್ರಿ, ಆಕಿನ್ನ ಇಟ್ಕೊಳ್ಳೂದೋ ಬಿಡೂದೋ ನೋಡೂಣು. ಅಲ್ಲಿತನಕಾ ಆಕಿ ಈ ವಾರ್ಡಿಗೆ ಬರೂದಿಲ್ಲ," ಅಂದರು. ಮಂದಿ ಕರಗಿತು. ಮೈದುನನ ಮಗ ಹೋಗುವಾಗ ನನ್ನ ತಲೆ ಸವರಿ, "ನೀ ಚಿಂತಿ ಮಾಡಬ್ಯಾಡ ದೊಡ್ಡವ್ವ, ನಾ ಅದೀನಿ," ಅಂದ. ನಾನು ತಲೆ ಆಡಿಸಿದೆ.

ನಮ್ಮ ಮನಿಯವರ ಬಸ್ಸು ಹೋಯಿತು. ಎಮ್ಮೆಯನ್ನು ಯಾರು ಹಿಂಡಿದರೋ, ಯಾರನ್ನು ಒದೆಯಿತೋ. ಅವರು ಸ್ಟೂಲಿನ ಮೇಲೆ ಕೂತು ತಮ್ಮ ಬೆರಳು ತಾವೇ ನೋಡಿಕೊಳ್ಳುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಡ್ಯೂಟಿ ಬದಲಾಯಿತು. ಹುಡುಗಿ ತನ್ನ ಮನೆಯ ಬಟ್ಟೆ ಹಾಕಿಕೊಂಡು, ಚೀಲ ಹೆಗಲಿಗೆ ಏರಿಸಿ, ಖೋಲಿಯ ಹೊಸ್ತಿಲಿನ ಆಚೆ ನಿಂತಿದ್ದಳು. ಒಳಗೆ ಬರುವ ಹಾಗಿರಲಿಲ್ಲವಲ್ಲ. ಹೊಸದಾಗಿ ಬಂದವಳನ್ನು ಬಾಗಿಲಿಗೆ ಕರೆದು ಏನೋ ಹೇಳುತ್ತಿದ್ದಳು. ನನ್ನನ್ನು ಬೈಯುತ್ತಿದ್ದಾಳೆ ಅಂದುಕೊಂಡು ಕಿವಿ ಕೊಟ್ಟೆ. ಬೈದರೆ ನನಗೆ ಹಗುರ ಆಗುತ್ತಿತ್ತು.

"ಕಿಟಕಿ ಬಾಜೂದ ಅಜ್ಜಿ ಮುಂಜಾನೆ ಪೂಜಾ ಮಾಡತಾರ. ಎಡಗೈ ಬಾತೈತಿ, ಲಿಂಗ ಹಿಡಿಯಾಕ ತ್ರಾಸ ಆಗತೈತಿ. ಕೈ ಕೆಳಗ ದಿಂಬು ಕೊಡ್ರಿ. ಹೊಸಾ ಸೂಜಿ ಹಾಕೂದಿದ್ರ ಪೂಜಾ ಮುಗದ ಮ್ಯಾಲ ಹಾಕ್ರಿ. ಕೇಳಿದ್ರ ಉರಿ ಇಲ್ಲ ಅಂತಾರ, ನೀವ ಮುಟ್ಟಿ ನೋಡ್ರಿ."

ಅಷ್ಟು ಹೇಳಿ ಹೋದಳು. ನನ್ನ ಕಡೆ ನೋಡಲಿಲ್ಲ.

ನನಗೆ ಅಳು ಬರಲಿಲ್ಲ, ನಾನು ಅಳುವವಳಲ್ಲ. ನನ್ನ ಮೇಲೇ ನನಗೆ ಹೇಸಿಕೆ ಆಯಿತು. ಯಾರ ಕೆಲಸ ನಾಳೆ ಇರುತ್ತದೋ ಇಲ್ಲವೋ ಅವಳು ನನ್ನ ಪೂಜೆಯ ಮಾತು ತಪ್ಪದೆ ದಾಟಿಸಿ ಹೋದಳು. ಉರಿ ಇಲ್ಲ ಅಂತಾರ, ಅಂದಳು. ಸುಳ್ಳು ಹೇಳ್ತಾರ ಅನ್ನಲಿಲ್ಲ.

ನಮ್ಮ ಮನಿಯವರನ್ನು ಹತ್ತಿರ ಕರೆದೆ.

"ನಾಳೆ ಡಾಕ್ಟರ ಮುಂದ ಹೇಳ್ರಿ."

"ಏನ ಹೇಳಲಿ?"

"ಚಕ್ರ ತಿರುವಿದ್ದು."

"ಒಂದ ಸುತ್ತು ತಿರುವೇನಿ. ಅಷ್ಟಕ್ಕ ಹಿಂಗಾಗತೈತೇನು?"

"ಒಂದ ಸುತ್ತು ಹೆಚ್ಚು ತಿರುವಿದಕ್ಕ ಮಗ್ಗಲ ಹೊಲದವ ನಿಮ್ಮ ಮ್ಯಾಲ ಗುದ್ದಲಿ ಎತ್ತಿದ್ದ, ಮರತ್ರೇನು? ನೀರಿನ ಲೆಕ್ಕ ನಿಮಗ ನಾ ಹೇಳಬೇಕೇನು?"

"ಊರ ಮಂದಿ ಎಲ್ಲಾ ನೋಡ್ಯಾರ. ಅವರೂ ಯಾರೂ ಹೇಳಲಿಲ್ಲ," ಅಂದರು.

"ಅದಕ್ಕ ಹೇಳಾಕತ್ತೇನಿ."

"ಈಗ ಹೇಳಿದ್ರ ಹುಡುಗನ ಮೋರಿ ಏನಾಗಬೇಕು? ನಮ್ಮ ಸಲುವಾಗಿ ಓಡಿ ಬಂದಾನ. ಹ್ವಾದ ಮಾನ ತಿರುಗಿ ಬರತೈತೇನು?"

"ಹುಡುಗಿಗೂ ಒಂದು ಮೋರಿ ಐತಿ," ಅಂದೆ. ಅವರು ಮುಸುಕು ಎಳೆದು ನೆಲದ ಮೇಲೆ ಮಲಗಿದರು. ನಾನೂ ಆ ಮಾತನ್ನು ಅಷ್ಟಕ್ಕೇ ಬಿಟ್ಟೆ. ಅವರನ್ನು ಬೈಯುವುದು ಸುಲಭವಿತ್ತು. ಚಕ್ರ ತಿರುವಿದಾಗ ಅವರಿಗೆ ನನ್ನ ಉರಿ ಗೊತ್ತಿರಲಿಲ್ಲ, ಗೊತ್ತಿದ್ದವಳು ನಾನು. ದೊಡ್ಡ ಸಿಸ್ಟರ್ ನನ್ನನ್ನೂ ತಮ್ಮಲ್ಲಿ ಒಬ್ಬಳು ಅಂದಿದ್ದಳು. ಅವರೆಲ್ಲ ತಮ್ಮ ತಮ್ಮ ಪಾಲು ಮಾಡಿದ್ದರು. ನನ್ನ ಪಾಲಿಗೆ ಇದ್ದದ್ದು ಬಾಯಿ ತೆರೆಯುವುದೊಂದೇ. ಮೂರನೇ ಇಯತ್ತೆ ಶಾಲೆ ಕಲಿತ ನನ್ನಂಥವಳಿಗೂ ಬರುವ ಕೆಲಸ ಅದು.

ಬೆಳಗಾಯಿತು. ಮೋರೆ ತೊಳೆದು, ವಿಭೂತಿ ಹಚ್ಚಿ, ಕೊರಳಲ್ಲಿನ ಕರಡಿಗೆಯಿಂದ ಲಿಂಗ ತೆಗೆದೆ. ಹುಡುಗಿ ಹೇಳಿ ಹೋದ ಹಾಗೆಯೇ ರಾತ್ರಿ ಡ್ಯೂಟಿಯ ಸಿಸ್ಟರ್ ಕೈ ಕೆಳಗೆ ದಿಂಬು ಇಟ್ಟಳು. ಅಂಗೈ ಬಟ್ಟಲಾಗಲಿಲ್ಲ. ಬಾವಿನ ಮೇಲೆ ಲಿಂಗ ನಿಲ್ಲದೆ ಒಂದು ಕಡೆ ವಾಲಿತು. ನಮ್ಮ ಮನಿಯವರು ಎದ್ದು ಬಂದು ತಮ್ಮ ಅಂಗೈಯನ್ನು ನನ್ನ ಕೈಯ ಕೆಳಗೆ ಒಡ್ಡಿದರು. ಆ ಕೈ ಚಕ್ರ ತಿರುವಿದ ಕೈ, ಆ ಕೈಯ ಮೇಲೆ ನನ್ನ ಸೆರಗಿನಲ್ಲಿ ಮುಚ್ಚಿಟ್ಟ ಕೈ, ಅದರ ಮೇಲೆ ಲಿಂಗ. ನನಗೆ ಮಂತ್ರ ಬಾಯಿಗೆ ಬರಲಿಲ್ಲ. ಲಿಂಗವನ್ನು ತಿರುಗಿ ಕರಡಿಗೆಯಲ್ಲಿಟ್ಟು ಕಟ್ಟಿದೆ.

"ಯಾಕ?" ಅಂದರು.

"ಮೊದಲ ಡಾಕ್ಟರ ರೂಮಿಗೆ ಹೋಗೂಣು. ಆಮ್ಯಾಲ ಪೂಜಾ."

ಗೋಡೆ ಹಿಡಿದುಕೊಂಡು, ಕಾಲೆಳೆಯುತ್ತ ಹೋದೆ. ಅವರು ಹಿಂದೆ ಬಂದರು. ರೂಮಿನಲ್ಲಿ ಡಾಕ್ಟರು ಕೂತಿದ್ದರು, ಮೈದುನನ ಮಗ ಕುರ್ಚಿಯಲ್ಲಿದ್ದ. ಹುಡುಗಿ ಗೋಡೆಗೆ ನಿಂತಿದ್ದಳು, ದೊಡ್ಡ ಸಿಸ್ಟರೂ ಬ್ರದರೂ ಅವಳ ಎರಡೂ ಬಾಜೂ.

"ದೊಡ್ಡವ್ವ, ನೀ ಯಾಕ ಎದ್ದು ಬಂದಿ, ಕುಂಡ್ರ," ಅಂದ ಅವನು.

"ಕುಂಡ್ರಾಕ ಬಂದಿಲ್ಲ. ನಿನ್ನೆ ಚಕ್ರ ನಿಮ್ಮ ದೊಡ್ಡಪ್ಪ ತಿರುವಿದ್ರು. ನನಗ ಕೈ ಉರಿದ್ರೂ ನಾ ಇವರನ್ನ ಕರೀಲಿಲ್ಲ. ಸೆರಗಿನಾಗ ಮುಚ್ಚಿಟ್ಟೆ. ಸೂಜಿ ಹಾಕಿದ್ದು ಸರಿ ಇತ್ತು. ನಿನ್ನ ಮೊಬೈಲಿನಾಗಿಂದು ಅಳಿಸು."

ನಮ್ಮ ಮನಿಯವರು ಬಾಗಿಲಲ್ಲಿ ನಿಂತು, ನೆಲ ನೋಡುತ್ತ, "ಹೌದ್ರಿ, ನಾನ," ಅಂದರು. ಮೈದುನನ ಮಗನ ಮೋರೆ ಕಪ್ಪಿಟ್ಟಿತು. ಮೊಬೈಲು ತೆಗೆದು ಏನೋ ಒತ್ತಿ, ಎದ್ದು ಹೋದ. ಆಮೇಲೆ ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ಅವನು ಊರಿನಲ್ಲಿ ಏನು ಹೇಳಿಕೊಂಡ ಅಂತ ಮೊದಲೇ ಬರೆದಿದ್ದೇನೆ.

ಡಾಕ್ಟರು ಹುಡುಗಿಗೆ, "ನಡಿ, ಡ್ಯೂಟಿಗೆ ಹೋಗು," ಅಂದರು. ಅಷ್ಟೇ. ಯಾರೂ ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಹುಡುಗಿ ನನಗೆ ಒಳ್ಳೆಯದಾಯ್ತು ಅಜ್ಜಿ ಅನ್ನಲಿಲ್ಲ. ಯಾಕೆ ಅನ್ನಬೇಕು.

ಮಂಚಕ್ಕೆ ಬಂದು ಪೂಜೆ ಮಾಡಿದೆ. ಲಿಂಗ ವಾಲಿದರೂ ಹಾಗೆಯೇ ಹಿಡಿದೆ. ಮುಗಿದ ಮೇಲೆ ಹುಡುಗಿ ಹೊಸ ಸೂಜಿ ಹಾಕಲು ಬಂದಳು. ಬಲಗೈ ಕೊಟ್ಟೆ, ತುಂಬಿದ ಬಳೆಗಳನ್ನು ನಾನೇ ಮೇಲೆ ಸರಿಸಿದೆ. ಒಂದು ಸಲ ಸಿಗಲಿಲ್ಲ, ಇನ್ನೊಂದು ಸಲವೂ ಸಿಗಲಿಲ್ಲ. ಎದ್ದು ಹೋಗಿ ದೊಡ್ಡ ಸಿಸ್ಟರನ್ನು ಕರೆದಳು. ಈ ಸಲ ನಾನು ಏನೂ ಅನ್ನಲಿಲ್ಲ. ಮೊಣಕೈಯ ಹತ್ತಿರ ಒಂದು ನರ ಸಿಕ್ಕಿತು. ಪಟ್ಟಿ ಅಂಟಿಸಿದರು, ಬಾಟ್ಲಿ ಹಚ್ಚಿದರು, ಹನಿ ನೋಡಿ ಚಕ್ರ ಸರಿ ಮಾಡಿ ಇಬ್ಬರೂ ಬೇರೆ ಮಂಚಕ್ಕೆ ಹೋದರು. ನಮ್ಮ ಮನಿಯವರು ಸ್ಟೂಲನ್ನು ದೂರ ಎಳೆದುಕೊಂಡು ಕೈ ಕಟ್ಟಿ ಕೂತರು.

ಸ್ವಲ್ಪ ಹೊತ್ತಿಗೆ ಸೂಜಿಯ ಹತ್ತಿರ ಚುರ್ ಅಂದಿತು. ದೊಡ್ಡ ಉರಿ ಏನಲ್ಲ, ಸೊಳ್ಳೆ ಕಚ್ಚಿದಷ್ಟು. ಹಿಂದಿನ ದಿನವಾದರೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಇಡೀ ಖೋಲಿಗೆ ಕೇಳುವ ಹಾಗೆ ಕೂಗಿದೆ.

"ತಂಗಿ, ಬಾ ಇಲ್ಲಿ. ಉರೀತೈತಿ."